ಎಂ.ಎಸ್. ಸಂಶೋಧನೆಗೆ ಸೇರುವ ಮುನ್ನ: ದಾವಣಗೆರೆ, ಚಿತ್ರದುರ್ಗದ ರೋಗಿಗಳಿಗೆ ಒಂದು ಹೋಲಿಕೆ

ಮಲ್ಟಿಪಲ್ ಸ್ಕ್ಲೆರೋಸಿಸ್ (ಎಂ.ಎಸ್.) ಇರುವವರು ಬೆಂಗಳೂರಿಗೋ ಮಂಗಳೂರಿಗೋ ಫಾಲೋಅಪ್‌ಗೆ ಹೋದಾಗ ಕೆಲವೊಮ್ಮೆ ಒಂದು ಪ್ರಶ್ನೆ ಎದುರಾಗುತ್ತದೆ: "ಒಂದು ಸ್ಟಡಿ ನಡೀತಾ ಇದೆ, ಸೇರ್ತೀರಾ?" ಕೇಳಿದ ತಕ್ಷಣ ಕೆಲವರು ಹೆದರುತ್ತಾರೆ, "ನಮ್ಮ ಮೇಲೆ ಪ್ರಯೋಗ ಮಾಡ್ತಾರಂತೆ" ಎಂದು ಊರಿಗೆ ವಾಪಸ್ ಬರುತ್ತಾರೆ. ಇನ್ನು ಕೆಲವರು "ಹೊಸ ಔಷಧಿ ಪುಕ್ಕಟೆ ಸಿಗುತ್ತೆ" ಎಂದು ಅಲ್ಲೇ ಸಹಿ ಹಾಕುತ್ತಾರೆ. ಎರಡೂ ಆತುರದ ತೀರ್ಮಾನ. ಸ್ಟಡಿ ಅಂದರೆ ಹತ್ತು ನಿಮಿಷದ ಪ್ರಶ್ನಾವಳಿಯೂ ಆಗಬಹುದು, ಒಂದು ಟ್ಯೂಬ್ ರಕ್ತವೂ ಆಗಬಹುದು, ಎರಡು ವರ್ಷ ಹೆಸರೇ ಇಲ್ಲದ ಮಾತ್ರೆ ನುಂಗುವುದೂ ಆಗಬಹುದು. ಇವುಗಳಲ್ಲಿ ಯಾವುದು ಎಂದು ತಿಳಿಯದೆ ಒಪ್ಪುವುದಕ್ಕೂ ಅರ್ಥವಿಲ್ಲ, ಬೇಡ ಅನ್ನುವುದಕ್ಕೂ ಅರ್ಥವಿಲ್ಲ.

ನನ್ನ ತಂಗಿಗೆ ಈ ಕಾಯಿಲೆ ಇದೆ. ಅವಳ ಜೊತೆ ಓಡಾಡುತ್ತಾ, ಜಗಳೂರು, ಚಳ್ಳಕೆರೆ, ಹೊಸದುರ್ಗದ ಕಡೆಯಿಂದ ಬರುವ ಬೇರೆ ಮನೆಯವರ ಜೊತೆ ವಾರ್ಡಿನ ಹೊರಗೆ ಕೂತು ಮಾತಾಡುತ್ತಾ, ನನಗೊಂದು ಅಳತೆಗೋಲು ಸಿಕ್ಕಿದೆ. ಎಲ್ಲರೂ ಮೊದಲು ಕೇಳುವುದು "ಸೇರಿದರೆ ಏನು ಸಿಗುತ್ತೆ?" ಎಂದು. ನಾನು ಕೇಳಿ ಅನ್ನುವುದು "ಸೇರಿದರೆ ಏನನ್ನು ಬಿಡಬೇಕಾಗುತ್ತೆ?" ಎಂದು. ಈಗ ತಗೊಳ್ಳುತ್ತಿರುವ ಔಷಧಿಯೇ, ಕೂಲಿಯೇ, ಮಗು ಮಾಡಿಕೊಳ್ಳುವ ಯೋಚನೆಯೇ, ಮನೆಯೊಳಗೇ ಇಟ್ಟುಕೊಂಡಿರುವ ವಿಷಯವೇ? ಕೆಳಗಿನ ಹೋಲಿಕೆಯನ್ನೆಲ್ಲ ಈ ಪ್ರಶ್ನೆ ಹಿಡಿದುಕೊಂಡೇ ಬರೆದಿದ್ದೇನೆ.

ಕಾಯಿಲೆಯ ಹೆಸರು ಮೊದಲು ಗಟ್ಟಿಯಾಗಲಿ

ನರದ ಎಳೆಗಳ ಮೇಲೆ, ವೈರಿನ ಮೇಲಿನ ಪ್ಲಾಸ್ಟಿಕ್ಕಿನಂತೆ, ಮಯಲಿನ್ ಎಂಬ ಹೊದಿಕೆ ಇರುತ್ತದೆ. ಎಂ.ಎಸ್.ನಲ್ಲಿ ದೇಹದ ರಕ್ಷಣಾ ವ್ಯವಸ್ಥೆಯೇ ಮಿದುಳು, ಬೆನ್ನುಹುರಿ ಮತ್ತು ಕಣ್ಣಿನ ನರದಲ್ಲಿರುವ ಈ ಹೊದಿಕೆಯ ಮೇಲೆ ದಾಳಿ ಮಾಡುತ್ತದೆ. ಹೆಚ್ಚಾಗಿ 20ರಿಂದ 40 ವಯಸ್ಸಿನೊಳಗೆ ಶುರುವಾಗುತ್ತದೆ, ಹೆಂಗಸರಲ್ಲಿ ಗಂಡಸರಿಗಿಂತ ಎರಡು ಮೂರು ಪಟ್ಟು ಜಾಸ್ತಿ. ಆದರೆ ಇದೇ ರೀತಿ ಕಣ್ಣು ಮಂಜಾಗಿಸುವ, ಕಾಲು ಸೋಲಿಸುವ ಬೇರೆ ಕಾಯಿಲೆಗಳೂ ಇವೆ. ಅದರಲ್ಲಿ ಮುಖ್ಯವಾದದ್ದು ನ್ಯೂರೋಮಯಲೈಟಿಸ್ ಆಪ್ಟಿಕಾ, ಅಂದರೆ ಎನ್.ಎಂ.ಒ. ಅದಕ್ಕೆ ಅಕ್ವಾಪೊರಿನ್-4 ಎಂಬ ಪ್ರೋಟೀನಿನ ವಿರುದ್ಧದ ಪ್ರತಿಕಾಯ ಕಾರಣ. 2004-05ರಲ್ಲಿ ಇದು ಪತ್ತೆಯಾಗುವ ತನಕ ಎಷ್ಟೋ ಜನರಿಗೆ ಎನ್.ಎಂ.ಒ. ಇದ್ದರೂ ಎಂ.ಎಸ್. ಎಂದೇ ಚಿಕಿತ್ಸೆ ನಡೆಯುತ್ತಿತ್ತು. ಇನ್ನೊಂದು, ಮಾಗ್ (MOG) ಪ್ರತಿಕಾಯದ ಕಾಯಿಲೆ. ಅದರ ರೋಗನಿರ್ಣಯಕ್ಕೆ ಅಂತಾರಾಷ್ಟ್ರೀಯ ಮಾನದಂಡ ಬಂದದ್ದು 2023ರಲ್ಲಿ.

ಸಂಶೋಧನೆಗೆ ಸೇರುವ ವಿಚಾರದಲ್ಲಿ ಇದನ್ನೇಕೆ ಹೇಳುತ್ತಿದ್ದೇನೆಂದರೆ, ಎಂ.ಎಸ್.ಗೆ ಕೊಡುವ ಇಂಟರ್‌ಫೆರಾನ್, ಫಿಂಗೋಲಿಮೋಡ್, ನಟಾಲಿಜುಮಾಬ್ ಔಷಧಿಗಳು ಎನ್.ಎಂ.ಒ. ಇರುವವರಲ್ಲಿ ಕಾಯಿಲೆಯನ್ನು ಇನ್ನಷ್ಟು ಕೆರಳಿಸಬಹುದು. ಆದ್ದರಿಂದ ಔಷಧದ ಟ್ರಯಲ್ (ಔಷಧಿಯನ್ನು ರೋಗಿಗಳಿಗೆ ಕೊಟ್ಟು ಪರೀಕ್ಷಿಸುವ ಅಧ್ಯಯನ) ಎಂದು ಯಾರಾದರೂ ಕರೆದರೆ "ನನಗೆ ಅಕ್ವಾಪೊರಿನ್-4, ಮಾಗ್ ಎರಡರ ಪರೀಕ್ಷೆಯೂ ಆಗಿದೆಯಾ?" ಎಂದು ಕೇಳಿ. ಕಣ್ಣು ಎರಡೂ ಒಟ್ಟಿಗೆ ಹೋಗಿದ್ದರೆ, ಬೆನ್ನುಹುರಿಯಲ್ಲಿ ಉದ್ದನೆಯ ಗಾಯ ಕಂಡಿದ್ದರೆ, ದಿನಗಟ್ಟಲೆ ನಿಲ್ಲದ ಬಿಕ್ಕಳಿಕೆ, ವಾಂತಿ ಬಂದಿದ್ದರೆ ಖಂಡಿತ ಕೇಳಿ. ಈ ಪ್ರಶ್ನೆಯಿಂದ ಯಾವ ಒಳ್ಳೆಯ ಡಾಕ್ಟರೂ ಬೇಸರ ಮಾಡಿಕೊಳ್ಳುವುದಿಲ್ಲ.

ರಿಜಿಸ್ಟ್ರಿ: ಕೇಳುವುದು ಕಡಿಮೆ, ಬಿಡಬೇಕಾದ್ದು ಇನ್ನೂ ಕಡಿಮೆ

ರಿಜಿಸ್ಟ್ರಿ ಅಂದರೆ ನಿಮ್ಮ ಕಾಯಿಲೆಯ ಚರಿತ್ರೆಯನ್ನು ಒಂದು ದಾಖಲೆಯಲ್ಲಿ ಸೇರಿಸಿ, ಪ್ರತಿ ಫಾಲೋಅಪ್‌ನಲ್ಲಿ ಮುಂದುವರಿಸುವುದು. ಮೊದಲ ಅಟ್ಯಾಕ್ (ಕಾಯಿಲೆ ಥಟ್ಟನೆ ಕೆರಳುವುದು) ಯಾವಾಗ, ಯಾವ ಔಷಧಿ, ಎಷ್ಟು ದೂರ ನಡೆಯುತ್ತೀರಿ, ಸ್ಕ್ಯಾನಿಂಗ್‌ನಲ್ಲಿ ಏನಿತ್ತು, ಇಷ್ಟೇ. ಔಷಧಿ ಬದಲಾಗುವುದಿಲ್ಲ. ಹೆಚ್ಚಿನ ಸೂಜಿಯೂ ಇಲ್ಲ.

ಕರ್ನಾಟಕದವರಿಗೆ ಇದು ಹೊಸದೇನಲ್ಲ. ಮಂಗಳೂರಿನಲ್ಲಿ ಇಂಥ ಕಾಯಿಲೆಗಳಿಗೆಂದೇ ಒಂದು ರಿಜಿಸ್ಟ್ರಿ ವರ್ಷಗಳಿಂದ ನಡೆದು ಬಂದಿದೆ. ಭಾರತದಲ್ಲಿ ಎಂ.ಎಸ್. ಇಲ್ಲವೇ ಇಲ್ಲ ಎಂಬಷ್ಟು ಅಪರೂಪ ಎಂದು ಒಂದು ಕಾಲದಲ್ಲಿ ಪುಸ್ತಕಗಳು ಬರೆದಿದ್ದವು. ಮಂಗಳೂರು ನಗರದಲ್ಲಿ ಎಣಿಸಿ ನೋಡಿದಾಗ ಲಕ್ಷ ಜನಕ್ಕೆ ಸುಮಾರು 8 ಮಂದಿ ಸಿಕ್ಕರು. ಈ ಲೆಕ್ಕ 2014ರಲ್ಲಿ ಪ್ರಕಟವಾಯಿತು. ಆಮೇಲೆ ಐ.ಸಿ.ಎಂ.ಆರ್. (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಬೆಂಬಲದಲ್ಲಿ ದೆಹಲಿಯ ಏಮ್ಸ್ ಕೇಂದ್ರವಾಗಿ, ದೇಶದ ಹಲವು ಆಸ್ಪತ್ರೆಗಳನ್ನು ಸೇರಿಸಿಕೊಂಡು ರಾಷ್ಟ್ರೀಯ ರಿಜಿಸ್ಟ್ರಿಯೂ ಶುರುವಾಗಿದೆ. ಜಗತ್ತಿನಲ್ಲಿ ಈಗ ಎಂ.ಎಸ್. ಇರುವವರು 28 ಲಕ್ಷಕ್ಕೂ ಹೆಚ್ಚು ಎಂದು ಎಂ.ಎಸ್. ಅಂತಾರಾಷ್ಟ್ರೀಯ ಒಕ್ಕೂಟದ ಲೆಕ್ಕ ಹೇಳುತ್ತದೆ.

ನನಗೆ ಈ ವಿಷಯದಲ್ಲಿ ಗಟ್ಟಿ ಅಭಿಪ್ರಾಯವಿದೆ. ದೊಡ್ಡ ಊರಿನಲ್ಲಿ ಎಂ.ಆರ್.ಐ. ಯಂತ್ರದ ಪಕ್ಕದಲ್ಲೇ ಇರುವವರ ಹೆಸರಷ್ಟೇ ಲೆಕ್ಕಕ್ಕೆ ಸಿಕ್ಕರೆ, ಕಾಯಿಲೆಯ ಚಿತ್ರವೂ ಅವರದೇ ಆಗಿರುತ್ತದೆ. ಮೊಳಕಾಲ್ಮುರಿನ ಹಳ್ಳಿಯಲ್ಲಿ ಕಾಲು ಜೋಮು ಹಿಡಿದ ಹುಡುಗಿ ಮೊದಲು ನಾಟಿ ಔಷಧಿ, ಆಮೇಲೆ ಮೂಳೆ ಡಾಕ್ಟರು, ಆಮೇಲೆ ಕಣ್ಣಿನ ಡಾಕ್ಟರು ಎಂದು ಸುತ್ತಿ ನ್ಯೂರಾಲಜಿಸ್ಟ್ ಹತ್ತಿರ ಬರುವಷ್ಟರಲ್ಲಿ ಎಷ್ಟು ತಿಂಗಳು ಹೋಯಿತು ಅನ್ನುವುದು ಎಲ್ಲೂ ಬರೆಯಲ್ಪಡುವುದಿಲ್ಲ. ಅದು ಬರೆಯಲ್ಪಟ್ಟರೆ ಮಾತ್ರ ಜಿಲ್ಲಾ ಆಸ್ಪತ್ರೆಗೆ ಏನು ಬೇಕು ಎಂದು ಕೇಳಲು ಆಧಾರ ಸಿಗುತ್ತದೆ.

ಇಲ್ಲಿ ಬಿಡಬೇಕಾದದ್ದು ಒಂದೇ, ಸ್ವಲ್ಪ ಗೋಪ್ಯತೆ. ನಮ್ಮ ಕಡೆ ಮದುವೆಯಾಗದ ಹೆಣ್ಣುಮಕ್ಕಳ ಮನೆಯಲ್ಲಿ ಇದು ಸಣ್ಣ ಮಾತಲ್ಲ. ಹಾಗಾಗಿ ಹೆಸರು, ಫೋನ್ ನಂಬರ್ ಎಲ್ಲಿರುತ್ತದೆ, ಹೊರಗೆ ಹೋಗುವ ದಾಖಲೆಯಲ್ಲಿ ಬರೀ ಕೋಡ್ ನಂಬರ್ ಇರುತ್ತದೆಯೇ, ಮನೆಗೆ ಯಾರಾದರೂ ಫೋನ್ ಮಾಡುತ್ತಾರೆಯೇ, ಮಾಡಿದರೆ ಯಾರ ಹತ್ತಿರ ಮಾತಾಡುತ್ತಾರೆ, ಇಷ್ಟನ್ನು ಕೇಳಿ. "ನನ್ನ ನಂಬರಿಗೆ ಮಾತ್ರ ಮಾಡಿ, ಮನೆ ನಂಬರಿಗೆ ಬೇಡ" ಎಂದು ಬರೆಸಿ. ಉತ್ತರ ಸರಿ ಅನ್ನಿಸಿದರೆ ಸೇರಿ. ಬಹುತೇಕ ಎಲ್ಲರಿಗೂ ನಾನು ಮೊದಲು ಹೇಳುವುದು ಇದನ್ನೇ.

ರಕ್ತ, ಬೆನ್ನುನೀರು, ಸ್ಕ್ಯಾನಿಂಗ್ ಕೊಡುವ ಅಧ್ಯಯನಗಳು

ರೋಗ ಪತ್ತೆಯ ಸಂಶೋಧನೆ ಈಗ ಬಿರುಸಾಗಿರುವುದು ಇಲ್ಲಿ. ಎಂ.ಎಸ್. ಎಂದು ಹೇಳಲು ಬಳಸುವ ಮೆಕ್‌ಡೊನಾಲ್ಡ್ ಮಾನದಂಡ ಮೊದಲು ಬಂದದ್ದು 2001ರಲ್ಲಿ. ಅದನ್ನು 2005, 2010, 2017ರಲ್ಲಿ ತಿದ್ದಿದರು. 2024ರ ತಿದ್ದುಪಡಿಯಲ್ಲಿ ಕಣ್ಣಿನ ನರವನ್ನೂ ಲೆಕ್ಕಕ್ಕೆ ಸೇರಿಸಿದರು, ಗಾಯದ ನಡುವೆ ಹಾದುಹೋಗುವ ಸಣ್ಣ ರಕ್ತನಾಳವನ್ನು ಎಂ.ಆರ್.ಐ.ನಲ್ಲಿ ಗುರುತಿಸುವುದಕ್ಕೂ, ಬೆನ್ನುನೀರಿನಲ್ಲಿ (ಮಿದುಳು, ಬೆನ್ನುಹುರಿಯ ಸುತ್ತ ಇರುವ ದ್ರವ) ಕಪ್ಪಾ ಲೈಟ್ ಚೈನ್ ಎಂಬ ಪ್ರೋಟೀನ್ ಅಳೆಯುವುದಕ್ಕೂ ಜಾಗ ಕೊಟ್ಟರು. ಇವೆಲ್ಲ ಆಕಾಶದಿಂದ ಬಿದ್ದದ್ದಲ್ಲ. ಯಾರೋ ರೋಗಿಗಳು ಸ್ಕ್ಯಾನಿಂಗ್ ಯಂತ್ರದೊಳಗೆ ಇನ್ನೂ ಹತ್ತು ಹದಿನೈದು ನಿಮಿಷ ಹೆಚ್ಚು ಮಲಗಿದ್ದರಿಂದ, ಇನ್ನೊಂದು ಟ್ಯೂಬ್ ಕೊಟ್ಟಿದ್ದರಿಂದ ಬಂದದ್ದು.

ಒಂದು ಟ್ಯೂಬ್ ರಕ್ತದಿಂದ ಏನಾದೀತು ಅನ್ನುವವರಿಗೆ 2022ರ ಜನವರಿಯಲ್ಲಿ ಪ್ರಕಟವಾದ ಹಾರ್ವರ್ಡ್ ಸಂಶೋಧಕರ ಕೆಲಸವೇ ಉತ್ತರ. ಅಮೆರಿಕದ ಸೈನ್ಯದಲ್ಲಿ 1 ಕೋಟಿಗೂ ಹೆಚ್ಚು ಜನರಿಂದ ಬೇರೆ ಪರೀಕ್ಷೆಗೆಂದು ತೆಗೆದು, ಉಳಿದದ್ದನ್ನು ಕಾಪಾಡಿಟ್ಟಿದ್ದ ರಕ್ತ ಅದು. ಅವರಲ್ಲಿ ಮುಂದೆ ಎಂ.ಎಸ್. ಬಂದವರು 955 ಮಂದಿ. ಹಳೆಯ ಟ್ಯೂಬುಗಳನ್ನು ತೆಗೆದು ನೋಡಿದಾಗ ಎಪ್‌ಸ್ಟೀನ್-ಬಾರ್ ವೈರಸ್ ಸೋಂಕು ತಗುಲಿದ ಮೇಲೆ ಎಂ.ಎಸ್. ಬರುವ ಸಂಭವ 32 ಪಟ್ಟು ಏರುತ್ತದೆ ಎಂದು ಕಂಡಿತು. ಆ ವೈರಸ್ ಬಹುತೇಕ ಎಲ್ಲರ ಮೈಯಲ್ಲೂ ಇರುವುದರಿಂದ ಅದೊಂದೇ ಕಾರಣವಲ್ಲ. ಆದರೂ ಕಾಯಿಲೆಯ ಮೂಲದ ಬಗ್ಗೆ ಇಷ್ಟು ಗಟ್ಟಿಯಾದ ಸುಳಿವು ಅದಕ್ಕೆ ಮೊದಲು ಸಿಕ್ಕಿರಲಿಲ್ಲ.

ಈ ಗುಂಪಿನೊಳಗೇ ಹೋಲಿಸಿ ನೋಡಬೇಕು. ಹೇಗೂ ತೆಗೆಯುವ ರಕ್ತದ ಜೊತೆ ಒಂದು ಟ್ಯೂಬ್ ಹೆಚ್ಚು ಕೊಡುವುದು ಹಗುರ. ಕಣ್ಣಿನ ಹಿಂಪದರದ ಒ.ಸಿ.ಟಿ. ಸ್ಕ್ಯಾನ್ ಇನ್ನೂ ಹಗುರ, ನೋವಿಲ್ಲ, ಗಲ್ಲ ಊರಿ ಕೂತರೆ ಮುಗಿಯಿತು. ಎಂ.ಆರ್.ಐ.ನಲ್ಲಿ ವಿಕಿರಣ ಇಲ್ಲ, ಆದರೆ ಸಂಶೋಧನೆಗೆಂದೇ ಕಾಂಟ್ರಾಸ್ಟ್ ಇಂಜೆಕ್ಷನ್ ಕೊಡುವುದಾದರೆ ಯಾಕೆ ಬೇಕು ಎಂದು ಕೇಳಬೇಕು, ಮೂತ್ರಪಿಂಡದ ತೊಂದರೆ ಇದ್ದರೆ ಮೊದಲೇ ಹೇಳಬೇಕು. ಬೆನ್ನುನೀರಿನ ವಿಷಯ ಬೇರೆ. ರೋಗ ಪತ್ತೆಗೆ ಹೇಗೂ ತೆಗೆಯುತ್ತಿದ್ದಾರೆ, ಅದರಲ್ಲಿ ಸ್ವಲ್ಪ ಸಂಶೋಧನೆಗೆ ಇಟ್ಟುಕೊಳ್ಳುತ್ತಾರೆ ಅಂದರೆ ಒಪ್ಪಿ. ಬರೀ ಸಂಶೋಧನೆಗಾಗಿ ಮತ್ತೊಮ್ಮೆ ಚುಚ್ಚುತ್ತಾರೆ ಅಂದರೆ, ತೆಗೆದ ಮೇಲೆ ಕೆಲವರಿಗೆ ದಿನಗಟ್ಟಲೆ ಕಾಡುವ ತಲೆನೋವನ್ನು ನೆನಪಿಟ್ಟುಕೊಳ್ಳಿ. ಎದ್ದರೆ ಜಾಸ್ತಿ, ಮಲಗಿದರೆ ಕಡಿಮೆ ಆಗುವ ಆ ತಲೆನೋವು ಹೊತ್ತು 260 ಕಿಲೋಮೀಟರ್ ಬಸ್ಸಿನಲ್ಲಿ ದಾವಣಗೆರೆಗೆ ಬರುವುದು ಕಷ್ಟ. ಒಪ್ಪುವುದಾದರೂ ಆ ರಾತ್ರಿ ಅಲ್ಲೇ ಉಳಿಯುವ ಏರ್ಪಾಡು ಕೇಳಿ.

ವಂಶವಾಹಿ ಪರೀಕ್ಷೆಯ ಮಾದರಿ ಕೊಡುವಾಗ ಸಮ್ಮತಿ ಪತ್ರದಲ್ಲಿ ಪ್ರತ್ಯೇಕ ಚೌಕಗಳಿರುತ್ತವೆ: ಈ ಅಧ್ಯಯನಕ್ಕೆ ಮಾತ್ರ, ಮುಂದಿನ ಅಧ್ಯಯನಗಳಿಗೂ, ಹೊರದೇಶಕ್ಕೆ ಕಳಿಸಲು ಎಂಬಂಥವು. ಎಲ್ಲಕ್ಕೂ ಟಿಕ್ ಹಾಕಬೇಕೆಂದಿಲ್ಲ. ಒಂದಕ್ಕೆ ಹೌದು, ಇನ್ನೊಂದಕ್ಕೆ ಬೇಡ ಅನ್ನುವ ಹಕ್ಕು ನಿಮಗಿದೆ.

ಹೊಸ ಔಷಧಿಯ ಟ್ರಯಲ್

ನಿಧಾನವಾಗಿ ನೋಡಬೇಕಾದದ್ದು ಇದು. ಏಕೆಂದರೆ ದೊಡ್ಡ ಆಸೆಯೂ ಇಲ್ಲೇ, ದೊಡ್ಡ ಬೆಲೆಯೂ ಇಲ್ಲೇ.

ಇಂಟರ್‌ಫೆರಾನ್ ಬೀಟಾ 1993ರಲ್ಲಿ ಅಮೆರಿಕದಲ್ಲಿ ಮಂಜೂರಾಗುವ ತನಕ ಎಂ.ಎಸ್. ಅಟ್ಯಾಕ್‌ಗಳನ್ನು ತಡೆಯಲು ಮಂಜೂರಾದ ಔಷಧಿಯೇ ಇರಲಿಲ್ಲ. ಶುರುವಿನಿಂದಲೇ ನಿಧಾನವಾಗಿ ಹದಗೆಡುವ ಬಗೆಗೆ ಮೊದಲ ಔಷಧಿಯಾಗಿ ಆಕ್ರೆಲಿಜುಮಾಬ್ ಬಂದದ್ದು 2017ರಲ್ಲಿ. ಇವೆಲ್ಲ ಟ್ರಯಲ್‌ಗೆ ಒಪ್ಪಿದ ರೋಗಿಗಳ ಋಣ. ಅದೇ ದಾರಿಯಲ್ಲಿ ಬೇರೆಯದೂ ಆಗಿದೆ. ನಟಾಲಿಜುಮಾಬ್ 2004ರಲ್ಲಿ ಮಂಜೂರಾಗಿ, ಪಿ.ಎಂ.ಎಲ್. ಎಂಬ ಮಾರಕ ಮಿದುಳು ಸೋಂಕು ಕಂಡದ್ದರಿಂದ 2005ರಲ್ಲಿ ಹಿಂದೆ ಸರಿದು, 2006ರಲ್ಲಿ ಕಟ್ಟುನಿಟ್ಟಿನ ನಿಗಾದಲ್ಲಿ ವಾಪಸ್ ಬಂತು. ಡ್ಯಾಕ್ಲಿಜುಮಾಬ್ ಮಾರುಕಟ್ಟೆಗೆ ಬಂದ ಮೇಲೂ 2018ರಲ್ಲಿ ಮಿದುಳು ಉರಿಯೂತದ ಕಾರಣಕ್ಕೆ ಪೂರ್ತಿ ವಾಪಸ್ ಹೋಯಿತು. 2023ರ ಡಿಸೆಂಬರ್‌ನಲ್ಲಿ ಎವೊಬ್ರುಟಿನಿಬ್ ಎಂಬ ಹೊಸ ಮಾತ್ರೆ ತನ್ನ ದೊಡ್ಡ ಟ್ರಯಲ್‌ಗಳಲ್ಲಿ ಹಳೆಯ ಮಾತ್ರೆಗಿಂತ ಮೇಲೆಂದು ತೋರಿಸಲಾಗಲಿಲ್ಲ. 2024ರಲ್ಲಿ ಅದೇ ಜಾತಿಯ ಟೊಲೆಬ್ರುಟಿನಿಬ್ ಅಟ್ಯಾಕ್ ತಡೆಯುವುದರಲ್ಲಿ ಮೇಲುಗೈ ಸಾಧಿಸಲಿಲ್ಲ, ಆದರೆ ಅಟ್ಯಾಕ್ ನಿಂತು ನಿಧಾನಕ್ಕೆ ಹದಗೆಡುತ್ತಿದ್ದವರಲ್ಲಿ ಅಂಗವೈಕಲ್ಯ ಹೆಚ್ಚುವುದನ್ನು ತಡಮಾಡಿತು. ಜೊತೆಗೆ ಕೆಲವರ ಲಿವರಿಗೆ ಪೆಟ್ಟು ಕೊಟ್ಟಿತು. ಹೊಸದು ಅಂದರೆ ಒಳ್ಳೆಯದು ಎಂದಲ್ಲ, ಒಳ್ಳೆಯದೋ ಅಲ್ಲವೋ ಇನ್ನೂ ಗೊತ್ತಿಲ್ಲ ಎಂದು.

ಈಗ ಬಿಡಬೇಕಾದದ್ದರ ಲೆಕ್ಕ. ಮೊದಲನೆಯದು ನೀವು ತಗೊಳ್ಳುತ್ತಿರುವ ಔಷಧಿ. ಬಹಳಷ್ಟು ಟ್ರಯಲ್‌ಗಳು ಹಳೆಯ ಔಷಧಿ ನಿಲ್ಲಿಸಿ ಇಷ್ಟು ವಾರ ಕಾಯಿರಿ ಅನ್ನುತ್ತವೆ. ಫಿಂಗೋಲಿಮೋಡ್, ನಟಾಲಿಜುಮಾಬ್ ಹಾಗೆ ಥಟ್ಟನೆ ನಿಲ್ಲಿಸಿದರೆ ಕಾಯಿಲೆ ಮೊದಲಿಗಿಂತ ಜೋರಾಗಿ ಮರುಕಳಿಸುವ ಅಪಾಯವಿದೆ. ಒಂದು ಔಷಧಿಯ ಮೇಲೆ ವರ್ಷಗಟ್ಟಲೆ ಅಟ್ಯಾಕ್ ಇಲ್ಲದೆ ಇರುವವರು ಅದನ್ನು ಬಿಟ್ಟು ಟ್ರಯಲ್‌ಗೆ ಹೋಗುವುದು ನನ್ನ ಮಟ್ಟಿಗೆ ಸರಿಯಲ್ಲ. ಹಣವಿಲ್ಲದೆ ಔಷಧಿ ನಿಲ್ಲಿಸಿ ಕೂತವರ ಲೆಕ್ಕವೇ ಬೇರೆ. ಅವರಿಗೆ ಟ್ರಯಲ್ ಒಂದು ನಿಜವಾದ ದಾರಿ. ಆದರೆ ಅವರೂ ಮೊದಲು ನ್ಯೂರಾಲಜಿಸ್ಟ್ ಹತ್ತಿರ ಕಡಿಮೆ ಬೆಲೆಯ ಔಷಧಿ ಬೇರೆ ಇದೆಯೇ ಎಂದು ಕೇಳಲಿ.

ಎರಡನೆಯದು, ಯಾವ ಗುಂಪಿಗೆ ಬೀಳುತ್ತೀರಿ ಎಂದು ಆರಿಸುವ ಸ್ವಾತಂತ್ರ್ಯ. ಹೊಸ ಔಷಧಿಯೋ ಹೋಲಿಕೆಯ ಔಷಧಿಯೋ ಎಂದು ನಿರ್ಧರಿಸುವುದು ಚೀಟಿ ಎತ್ತಿದ ಹಾಗೆ. ನಿಮಗೂ ಗೊತ್ತಿರುವುದಿಲ್ಲ, ನೋಡುವ ಡಾಕ್ಟರಿಗೂ ಗೊತ್ತಿರುವುದಿಲ್ಲ. ಎದುರು ಗುಂಪಿನಲ್ಲಿ ಏನಿದೆ ಎಂದು ಕೇಳಿ. ಆಗಾಗ ಅಟ್ಯಾಕ್ ಬರುವ ಬಗೆಗೆ ಒಳ್ಳೆಯ ಔಷಧಿಗಳು ಇರುವಾಗ ಎರಡು ವರ್ಷ ಬರೀ ಪ್ಲಸೀಬೊ, ಅಂದರೆ ಔಷಧಿಯಿಲ್ಲದ ಮಾತ್ರೆ, ಕೊಡುವ ಟ್ರಯಲ್‌ಗೆ ನಾನು ನನ್ನ ತಂಗಿಯನ್ನು ಕಳಿಸುವುದಿಲ್ಲ. ನಿಧಾನವಾಗಿ ಹದಗೆಡುವ ಬಗೆಯಲ್ಲಿ ಆಯ್ಕೆಗಳೇ ಕಡಿಮೆ ಇರುವುದರಿಂದ ಅಲ್ಲಿ ಪ್ಲಸೀಬೊಗೆ ಹೆಚ್ಚು ಸಮರ್ಥನೆ ಇದೆ.

ಮೂರನೆಯದು, ಮಗು. ಟ್ರಯಲ್ ನಡೆಯುವಷ್ಟು ದಿನ ಗರ್ಭ ಧರಿಸಬಾರದು ಎಂಬ ಷರತ್ತು ಸಾಮಾನ್ಯ. ಹೋಲಿಕೆಗೆ ಹೆಚ್ಚಾಗಿ ಬಳಸುವ ಟೆರಿಫ್ಲುನಮೈಡ್ ಮಾತ್ರೆ ನಿಲ್ಲಿಸಿದ ಮೇಲೂ ತಿಂಗಳುಗಟ್ಟಲೆ ಮೈಯಲ್ಲಿ ಉಳಿಯುತ್ತದೆ, ಅದನ್ನು ಹೊರಹಾಕಲು ಬೇರೆ ಔಷಧಿ ಕೊಡಬೇಕಾಗುತ್ತದೆ. ಮದುವೆಯಾಗಿ ಒಂದೆರಡು ವರ್ಷವಾಗಿ, ಅತ್ತೆ ಮನೆಯಲ್ಲಿ "ಏನಾದರೂ ವಿಶೇಷ ಇದೆಯಾ" ಎಂದು ಕೇಳುತ್ತಿರುವ ಹೆಣ್ಣುಮಗಳು ಈ ಷರತ್ತನ್ನು ಗಂಡನ ಜೊತೆ ಕೂತು ಮಾತಾಡದೆ ಸಹಿ ಹಾಕಬಾರದು. ಈ ಒತ್ತಡವನ್ನು ಅವಳೊಬ್ಬಳೇ ಹೊರುವಂತಾದರೆ ಟ್ರಯಲ್ ನಡುವೆ ಬಿಡುವುದೇ ಆಗುತ್ತದೆ.

ನಾಲ್ಕನೆಯದು ದೂರ. ಚಿತ್ರದುರ್ಗದಿಂದ ಬೆಂಗಳೂರಿಗೆ ಸುಮಾರು 200 ಕಿಲೋಮೀಟರ್. ದಾವಣಗೆರೆಯವರಿಗೆ ರೈಲು ಚೆನ್ನಾಗಿದೆ, ಚಿತ್ರದುರ್ಗದವರಿಗೆ ಹೆದ್ದಾರಿಯ ಬಸ್ಸೇ ಹೆಚ್ಚು ಅನುಕೂಲ. ಮಂಗಳೂರಿಗೆ ಹೋಗುವವರು ಘಾಟಿ ಇಳಿಯಬೇಕು, ತಲೆಸುತ್ತು ಇರುವವರಿಗೆ ಆ ತಿರುವುಗಳು ಹಿಂಸೆ. ಟ್ರಯಲ್‌ನಲ್ಲಿ ಭೇಟಿಯ ದಿನ ಹಿಂದೆ ಮುಂದೆ ಮಾಡಲು ಕೆಲವೇ ದಿನದ ಅವಕಾಶವಿರುತ್ತದೆ. ಚಳ್ಳಕೆರೆಯಲ್ಲಿ ಶೇಂಗಾ ಕೀಳುವ ವಾರವೋ, ಚನ್ನಗಿರಿಯಲ್ಲಿ ಅಡಿಕೆ ಕೊಯ್ಲೋ ಬಂತೆಂದು ಮುಂದೂಡಲು ಆಗುವುದಿಲ್ಲ. ಹೆಂಗಸರಿಗೆ 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಸಾಮಾನ್ಯ ಬಸ್ಸು ಉಚಿತ. ಆದರೆ ಸುಸ್ತಾಗಿ ಕೂರಲಾಗದವರು ರಾಜಹಂಸಕ್ಕೋ ಎ.ಸಿ. ಬಸ್ಸಿಗೋ ಹೋದರೆ ಟಿಕೆಟ್ ತಗೊಳ್ಳಲೇಬೇಕು. ಪ್ರಯಾಣ ಖರ್ಚು, ಜೊತೆಗೆ ಬರುವವರ ಖರ್ಚು, ಕಳೆದುಕೊಂಡ ಕೂಲಿ ಕೊಡಲು ಐ.ಸಿ.ಎಂ.ಆರ್. 2017ರ ಮಾರ್ಗಸೂಚಿ ಅವಕಾಶ ಮಾಡಿದೆ. ಎಷ್ಟು, ಯಾವಾಗ, ಕೈಗೋ ಬ್ಯಾಂಕಿಗೋ ಎಂಬುದು ಸಮ್ಮತಿ ಪತ್ರದಲ್ಲೇ ಇರಲಿ.

ದೂರದ ಇನ್ನೊಂದು ಮುಖ ತುರ್ತು. ರಾತ್ರಿ ಹಿರಿಯೂರಿನಲ್ಲಿ ಕಾಲು ಬಿದ್ದುಹೋದರೆ ಬೆಂಗಳೂರಿಗೆ ಓಡಲಾಗುವುದಿಲ್ಲ. ಹತ್ತಿರದ ಆಸ್ಪತ್ರೆಯಲ್ಲೇ ನೋಡಬೇಕಾಗುತ್ತದೆ, ಅದು ದಾವಣಗೆರೆಯ ಚಿಗಟೇರಿ ಜಿಲ್ಲಾ ಆಸ್ಪತ್ರೆಯಾಗಲಿ, ಬಾಪೂಜಿ ಆಸ್ಪತ್ರೆಯಾಗಲಿ, ಚಿತ್ರದುರ್ಗದ ಜಿಲ್ಲಾ ಆಸ್ಪತ್ರೆಯಾಗಲಿ. ಅಲ್ಲಿಯ ಡ್ಯೂಟಿ ಡಾಕ್ಟರಿಗೆ ನಿಮ್ಮ ಮೈಯಲ್ಲಿ ಯಾವ ಔಷಧಿ ಇದೆ ಎಂದು ಗೊತ್ತಿರುವುದಿಲ್ಲ, ನಿಮಗೂ ಗೊತ್ತಿರುವುದಿಲ್ಲ. ಆದ್ದರಿಂದ ಟ್ರಯಲ್ ಹೆಸರು, ಇಪ್ಪತ್ನಾಲ್ಕು ಗಂಟೆಯೂ ಸಿಗುವ ಫೋನ್ ನಂಬರ್ ಇರುವ ಕಾರ್ಡು ನಿಮ್ಮ ಪರ್ಸಿನಲ್ಲೂ ಮನೆಯವರ ಹತ್ತಿರವೂ ಇರಬೇಕು. ಇಂಥ ಕಾರ್ಡು ಕೊಡದ ಟ್ರಯಲ್‌ಗೆ ದೂರದ ಊರಿನವರು ಸೇರುವುದು ಬೇಡ.

ಕಾನೂನು ಈಗ ರೋಗಿಯ ಪರವಾಗಿ ಸಾಕಷ್ಟು ಬಿಗಿಯಾಗಿದೆ. 2019ರ ಹೊಸ ಔಷಧಿ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳ ಪ್ರಕಾರ, ಟ್ರಯಲ್ ನಡೆಯುವಾಗ ತೊಂದರೆಯಾದರೆ, ಅದು ಟ್ರಯಲ್‌ನಿಂದಲ್ಲ ಎಂದು ಸಾಬೀತಾಗುವ ತನಕ ಅಥವಾ ಅಗತ್ಯವಿರುವ ತನಕ ಚಿಕಿತ್ಸೆ ಉಚಿತ. ಗಂಭೀರ ತೊಂದರೆಯನ್ನು ಡಾಕ್ಟರು 24 ಗಂಟೆಯೊಳಗೆ ವರದಿ ಮಾಡಬೇಕು. ಟ್ರಯಲ್‌ನಿಂದ ಪೆಟ್ಟಾದರೆ ಪರಿಹಾರವಿದೆ, ಅದಕ್ಕಾಗಿಯೇ ಸಮ್ಮತಿ ಪತ್ರದಲ್ಲಿ ನಾಮಿನಿಯ ಹೆಸರು ಕೇಳುತ್ತಾರೆ. ಅದನ್ನು ಖಾಲಿ ಬಿಡಬೇಡಿ. ಓದಲು ಬಾರದವರಿಗೆ ನಿಷ್ಪಕ್ಷಪಾತ ಸಾಕ್ಷಿಯೊಬ್ಬರು ಇರಲೇಬೇಕು. ಮಾಹಿತಿ ಪತ್ರ ನಿಮಗೆ ತಿಳಿಯುವ ಭಾಷೆಯಲ್ಲಿರಬೇಕು, ಕನ್ನಡದ್ದು ಕೇಳಿ ಪಡೆಯಿರಿ, ಮನೆಗೆ ತಂದು ಓದಿ. "ಇವತ್ತೇ ಸಹಿ ಹಾಕಿ" ಎಂದು ಅವಸರ ಮಾಡಿದರೆ ಎದ್ದು ಬನ್ನಿ.

ಟ್ರಯಲ್ ನಿಜವಾದದ್ದೋ ಎಂದು ಪರೀಕ್ಷಿಸುವುದು ಸುಲಭ. 2009ರ ಜೂನ್‌ನಿಂದ ಭಾರತದಲ್ಲಿ ಔಷಧಿ ಟ್ರಯಲ್‌ಗಳು ಸಿ.ಟಿ.ಆರ್.ಐ. ಎಂಬ ಸಾರ್ವಜನಿಕ ದಾಖಲೆಯಲ್ಲಿ ನೋಂದಾಗಲೇಬೇಕು. ನಂಬರ್ ಕೇಳಿ, ಕಾಲೇಜಿಗೆ ಹೋಗುವ ಮಗನಿಗೋ ಮಗಳಿಗೋ ಕೊಟ್ಟರೆ ಫೋನಿನಲ್ಲೇ ಹುಡುಕಿ ಯಾವ ಆಸ್ಪತ್ರೆ, ಯಾವ ಔಷಧಿ, ಎದುರು ಗುಂಪಿನಲ್ಲಿ ಏನು ಎಂದು ಓದಿ ಹೇಳುತ್ತಾರೆ.

ಕೊನೆಗೊಂದು ಕಹಿ ಪ್ರಶ್ನೆ: ಟ್ರಯಲ್ ಮುಗಿದ ಮೇಲೆ ಏನು? ಔಷಧಿ ನಿಮಗೆ ಹಿಡಿಸಿತು, ಅಂಗಡಿಯಲ್ಲಿ ಅದರ ಬೆಲೆ ಲಕ್ಷಗಳಲ್ಲಿ ಎಂದರೆ? ಬೇರೆ ಚಿಕಿತ್ಸೆ ಇಲ್ಲದಿದ್ದಾಗ, ಡಾಕ್ಟರು ಶಿಫಾರಸು ಮಾಡಿ ಎಥಿಕ್ಸ್ ಕಮಿಟಿ (ರೋಗಿಗಳ ಹಿತ ನೋಡುವ ಸಮಿತಿ) ಒಪ್ಪಿದರೆ ಟ್ರಯಲ್ ನಂತರವೂ ಉಚಿತವಾಗಿ ಕೊಡುವ ಅವಕಾಶ 2019ರ ನಿಯಮದಲ್ಲಿದೆ. ಆದರೆ ಅದು ತಾನಾಗಿ ಸಿಗುವುದಲ್ಲ. ಸೇರುವ ದಿನವೇ ಕೇಳಿ.

ಈಗಾಗಲೇ ಇರುವ ಔಷಧಿಗಳನ್ನು ಹೋಲಿಸುವ ಅಧ್ಯಯನ

ಪತ್ರಿಕೆಗಳಲ್ಲಿ ಇವುಗಳ ಸುದ್ದಿ ಬರುವುದು ಕಡಿಮೆ. ನಮ್ಮಂಥವರಿಗೆ ಹೆಚ್ಚು ಉಪಯೋಗವಾಗುವುದು ಇವೇ. ರಿಟುಕ್ಸಿಮಾಬ್ ಮೂಲದಲ್ಲಿ ಎಂ.ಎಸ್. ಔಷಧಿಯಲ್ಲ, ಕೆಲವು ಬಗೆಯ ರಕ್ತದ ಕ್ಯಾನ್ಸರ್ ಮತ್ತು ಕೀಲುವಾತದ್ದು. ದುಬಾರಿ ಔಷಧಿಗಳಿಗಿಂತ ಅಗ್ಗ ಎಂದು ಭಾರತದ ನ್ಯೂರಾಲಜಿಸ್ಟ್‌ಗಳು ಎಂ.ಎಸ್.ಗೂ ಬಹಳ ಬಳಸುತ್ತಾರೆ. ಅದರಲ್ಲಿ ಲಾಭ ಕಾಣದ ಕಂಪನಿ ಟ್ರಯಲ್ ಮಾಡುವುದಿಲ್ಲ. ಸ್ವೀಡನ್ ದೇಶದ ಡಾಕ್ಟರುಗಳು ಸಾರ್ವಜನಿಕ ಹಣದಲ್ಲಿ ಸುಮಾರು 200 ರೋಗಿಗಳ ಮೇಲೆ ಅದನ್ನು ಡೈಮಿಥೈಲ್ ಫ್ಯೂಮರೇಟ್ ಎಂಬ ಎಂ.ಎಸ್. ಔಷಧಿಯ ಜೊತೆ ಹೋಲಿಸಿದರು. ಎರಡು ವರ್ಷದಲ್ಲಿ ಅಟ್ಯಾಕ್ ಬಂದದ್ದು ರಿಟುಕ್ಸಿಮಾಬ್ ಗುಂಪಿನ ಶೇ. 3 ಮಂದಿಗೆ, ಇನ್ನೊಂದು ಗುಂಪಿನ ಶೇ. 16 ಮಂದಿಗೆ. 2022ರಲ್ಲಿ ಇದು ಪ್ರಕಟವಾಯಿತು. ಮರುವರ್ಷವೇ ವಿಶ್ವ ಆರೋಗ್ಯ ಸಂಸ್ಥೆ ರಿಟುಕ್ಸಿಮಾಬನ್ನು ಎಂ.ಎಸ್.ಗೆ ಅಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿತು.

ಭಾರತದಲ್ಲಿ ಕೇಳಬೇಕಾದ ಪ್ರಶ್ನೆಗಳು ಇನ್ನೂ ಇವೆ: ಎಷ್ಟು ಕಡಿಮೆ ಡೋಸ್ ಸಾಕು, ಎಷ್ಟು ತಿಂಗಳಿಗೊಮ್ಮೆ, ಕ್ಷಯ ಮತ್ತು ಹೆಪಟೈಟಿಸ್-ಬಿ ಹೆಚ್ಚಿರುವ ನಮ್ಮ ಕಡೆ ಸೋಂಕು ಹೇಗೆ ತಡೆಯುವುದು. ಇಂಥ ಅಧ್ಯಯನಕ್ಕೆ ಸೇರಿದರೆ ನೀವು ಬಿಡುವುದು ಬಹಳ ಕಡಿಮೆ, ಏಕೆಂದರೆ ಆ ಔಷಧಿಯ ಗುಣ ದೋಷ ಡಾಕ್ಟರುಗಳಿಗೆ ಮೊದಲೇ ಗೊತ್ತು. ಸೇರುವ ಮೊದಲು ಕ್ಷಯ, ಹೆಪಟೈಟಿಸ್ ಪರೀಕ್ಷೆ ಆಗಿರಲಿ, ಬೇಕಾದ ಲಸಿಕೆಗಳು ಮುಗಿದಿರಲಿ. ಒಂದು ಎಚ್ಚರಿಕೆ: ರಿಟುಕ್ಸಿಮಾಬ್ ತಗೊಂಡವರನ್ನು ಮುಂದೆ ಕೆಲವು ಹೊಸ ಔಷಧಿಯ ಟ್ರಯಲ್‌ಗಳು ಸೇರಿಸಿಕೊಳ್ಳುವುದಿಲ್ಲ. ಹಾಗೆಂದು ಚಿಕಿತ್ಸೆಯನ್ನು ತಡಮಾಡಬೇಡಿ. ಬರಬಹುದಾದ ಟ್ರಯಲ್‌ಗಾಗಿ ಕೈಯಲ್ಲಿರುವ ಔಷಧಿ ಬಿಟ್ಟು ಕಾಯುವಷ್ಟು ಪುರುಸೊತ್ತು ಈ ಕಾಯಿಲೆ ಕೊಡುವುದಿಲ್ಲ.

ವ್ಯಾಯಾಮ, ಯೋಗ, ಫೋನಿನ ಪ್ರಶ್ನಾವಳಿ

ಫಿಸಿಯೊಥೆರಪಿ, ಯೋಗ, ಸುಸ್ತು ನಿಭಾಯಿಸುವ ತರಬೇತಿಯ ಅಧ್ಯಯನಗಳು ಊರಲ್ಲೇ ಇದ್ದು ಸೇರಲು ಅನುಕೂಲ, ಕೆಲವು ಫೋನಿನಲ್ಲೇ ನಡೆಯುತ್ತವೆ. ಅಪಾಯ ಕಡಿಮೆ. ನೋಡಬೇಕಾದದ್ದು ಎರಡು: ಔಷಧಿ ಬಿಡಿ ಅನ್ನುತ್ತಾರೆಯೇ (ಅಂದರೆ ಬೇಡ), ಮತ್ತು ಯಾವ ತಿಂಗಳು. ಮೈ ಬಿಸಿಯಾದರೆ ಎಂ.ಎಸ್. ಇರುವವರಿಗೆ ಕಣ್ಣು ಮಂಜು, ಕಾಲು ಭಾರ ಜಾಸ್ತಿಯಾಗುತ್ತದೆ. ಉಟಾಫ್ ಎಂಬ ಜರ್ಮನ್ ಕಣ್ಣಿನ ವೈದ್ಯರು ಇದನ್ನು 1890ರಲ್ಲೇ ಗುರುತಿಸಿದ್ದರು. ಚಿತ್ರದುರ್ಗದ ಏಪ್ರಿಲ್ ಬಿಸಿಲಿನಲ್ಲಿ ಮಧ್ಯಾಹ್ನ ನಡಿಗೆಯ ಪರೀಕ್ಷೆ ಇಟ್ಟರೆ ಬರುವ ಫಲಿತಾಂಶ ನಿಮ್ಮ ಕಾಯಿಲೆಯದ್ದಲ್ಲ, ಬಿಸಿಲಿನದ್ದು. ಬೆಳಗಿನ ಸಮಯ ಕೇಳಿ.

ದುಡ್ಡು ಕೇಳುವ "ಸಂಶೋಧನೆ"

ಇಲ್ಲಿ ಹೋಲಿಕೆಯೇ ಬೇಡ, ದೂರವಿರಿ. ಟ್ರಯಲ್‌ನ ಔಷಧಿಗೆ ರೋಗಿಯಿಂದ ದುಡ್ಡು ತಗೊಳ್ಳುವುದಿಲ್ಲ. ಲಕ್ಷಗಟ್ಟಲೆ ಕೇಳಿ ಸ್ಟೆಮ್ ಸೆಲ್ ಚುಚ್ಚುತ್ತೇವೆ, ಇದೂ ರಿಸರ್ಚೇ ಅನ್ನುವ ಕ್ಲಿನಿಕ್‌ಗಳು ಹೊಲ ಅಡವಿಡಿಸುತ್ತವೆ. ದೇಶದ 2017ರ ಸ್ಟೆಮ್ ಸೆಲ್ ಮಾರ್ಗಸೂಚಿ ಇಂಥ ವ್ಯಾಪಾರವನ್ನು ಒಪ್ಪುವುದಿಲ್ಲ. ತೀವ್ರ ಎಂ.ಎಸ್.ಗೆ ಕೀಮೋಥೆರಪಿ ಕೊಟ್ಟು ರೋಗಿಯದೇ ರಕ್ತದ ಮೂಲಕಣಗಳನ್ನು ವಾಪಸ್ ಕೊಡುವ ಗಂಭೀರ ಚಿಕಿತ್ಸೆಯೊಂದು ಇದೆ, ಆದರೆ ಅದು ದೊಡ್ಡ ಆಸ್ಪತ್ರೆಯ ಕಸಿ ವಿಭಾಗದಲ್ಲಿ ವಾರಗಟ್ಟಲೆ ಇದ್ದು ಮಾಡಿಸಿಕೊಳ್ಳುವಂಥದ್ದು. ಮಧ್ಯಾಹ್ನ ಚುಚ್ಚಿ ಸಂಜೆ ಬಸ್ಸು ಹತ್ತಿಸುವಂಥದ್ದಲ್ಲ.

2009ರಲ್ಲಿ ಇಟಲಿಯ ವೈದ್ಯರೊಬ್ಬರು ಕುತ್ತಿಗೆಯ ರಕ್ತನಾಳ ಕಿರಿದಾಗಿರುವುದೇ ಎಂ.ಎಸ್.ಗೆ ಕಾರಣ, ಅದನ್ನು ಅಗಲ ಮಾಡಿದರೆ ವಾಸಿ ಎಂದಾಗ ಕೆನಡಾದಿಂದ ರೋಗಿಗಳು ದುಡ್ಡು ಕೊಟ್ಟು ಭಾರತಕ್ಕೂ ಬಂದು ಮಾಡಿಸಿಕೊಂಡು ಹೋದರು. ಆಮೇಲೆ ಸರಿಯಾದ ಟ್ರಯಲ್ ಮಾಡಿದಾಗ, ಅದೂ ಆ ವೈದ್ಯರೇ ಮುಂದೆ ನಿಂತು ಮಾಡಿದ ಟ್ರಯಲ್‌ನಲ್ಲಿ, 2017ರಲ್ಲಿ ಪ್ರಯೋಜನವಿಲ್ಲ ಎಂದು ಗೊತ್ತಾಯಿತು.

ಯಾರಿಗೆ ಯಾವುದು, ಮತ್ತು ಹೊರಬರುವ ದಾರಿ

ಈಗಷ್ಟೇ ಕಾಯಿಲೆ ಪತ್ತೆಯಾದವರು ಮೊದಲು ಚಿಕಿತ್ಸೆ ಶುರುಮಾಡಿ, ರಿಜಿಸ್ಟ್ರಿಗೆ ಸೇರಿ, ಕೇಳಿದರೆ ರಕ್ತ ಕೊಡಿ. ಸ್ಥಿರವಾಗಿರುವವರು ಔಷಧಿ ಹೋಲಿಸುವ ಅಥವಾ ವ್ಯಾಯಾಮದ ಅಧ್ಯಯನ ನೋಡಿ. ಔಷಧಿಯ ಮೇಲಿದ್ದರೂ ಅಟ್ಯಾಕ್ ಬರುತ್ತಿದ್ದರೆ, ಅಥವಾ ನಿಧಾನವಾಗಿ ನಡಿಗೆ ಕುಗ್ಗುತ್ತಿದ್ದರೆ, ಹೊಸ ಔಷಧಿಯ ಟ್ರಯಲ್ ಬಗ್ಗೆ ಗಂಭೀರವಾಗಿ ಯೋಚಿಸಿ. ಅದನ್ನು ತಡಮಾಡಬೇಡಿ ಕೂಡ, ಏಕೆಂದರೆ ಬಹಳ ಟ್ರಯಲ್‌ಗಳಿಗೆ ವಯಸ್ಸಿನ ಮತ್ತು ನಡಿಗೆಯ ಮಿತಿ ಇರುತ್ತದೆ, ವ್ಹೀಲ್‌ಚೇರ್ ಹಿಡಿದ ಮೇಲೆ ಬಾಗಿಲು ಮುಚ್ಚಿರುತ್ತದೆ. ಎಲ್ಲಿಂದ ಶುರುಮಾಡುವುದು ಎಂದು ತಿಳಿಯದಿದ್ದರೆ 1985ರಿಂದ ಇರುವ ಮಲ್ಟಿಪಲ್ ಸ್ಕ್ಲೆರೋಸಿಸ್ ಸೊಸೈಟಿ ಆಫ್ ಇಂಡಿಯಾದ ಬೆಂಗಳೂರು ಶಾಖೆಯವರನ್ನು ಕೇಳಬಹುದು. ಯಾವುದಕ್ಕೂ ಸೇರದಿದ್ದರೂ ಅಂಗವಿಕಲರ ಗುರುತಿನ ಕಾರ್ಡಿಗೆ ಅರ್ಜಿ ಹಾಕುವುದನ್ನು ಮರೆಯಬೇಡಿ. 2016ರ ಕಾಯ್ದೆಯ ಪಟ್ಟಿಯಲ್ಲಿ ಎಂ.ಎಸ್. ಹೆಸರು ಹಿಡಿದೇ ಇದೆ, ಶೇ. 40 ಅಥವಾ ಹೆಚ್ಚು ಎಂದು ಪ್ರಮಾಣಪತ್ರ ಸಿಕ್ಕರೆ ಹಲವು ಸೌಲಭ್ಯಗಳಿಗೆ ದಾರಿಯಾಗುತ್ತದೆ.

ಸೇರಿದ ಮೇಲೆ ಯಾವಾಗ ಬೇಕಾದರೂ, ಕಾರಣ ಹೇಳದೆ, ಹೊರಬರಬಹುದು. ಅದರಿಂದ ಆ ಆಸ್ಪತ್ರೆಯಲ್ಲಿ ನಿಮ್ಮ ಮಾಮೂಲಿ ಚಿಕಿತ್ಸೆಗೆ ತೊಂದರೆ ಆಗಬಾರದು. ಆದರೆ ಔಷಧಿ ಟ್ರಯಲ್‌ನಿಂದ ಹೊರಬರುವವರು ಊರಲ್ಲೇ ಮಾತ್ರೆ ನಿಲ್ಲಿಸಿ ಸುಮ್ಮನಾಗಬೇಡಿ. ಮೊದಲು ಫೋನ್ ಮಾಡಿ, ಕೊನೆಯ ರಕ್ತಪರೀಕ್ಷೆ ಮತ್ತು ಸ್ಕ್ಯಾನಿಂಗ್ ಮಾಡಿಸಿಕೊಳ್ಳಿ, ಮುಂದಿನ ಔಷಧಿ ಯಾವ ದಿನದಿಂದ ಎಂದು ಬರೆಸಿಕೊಳ್ಳಿ. ತೊಂದರೆಯ ಬಗ್ಗೆ ಟ್ರಯಲ್ ಡಾಕ್ಟರು ಕಿವಿಗೊಡದಿದ್ದರೆ ಎಥಿಕ್ಸ್ ಕಮಿಟಿಗೆ ನೇರವಾಗಿ ಫೋನ್ ಮಾಡಬಹುದು. ಅದರ ನಂಬರ್ ನಿಮ್ಮ ಕೈಗೆ ಕೊಟ್ಟ ಮಾಹಿತಿ ಪತ್ರದಲ್ಲಿರುತ್ತದೆ. ಸಹಿ ಹಾಕಿದ ಸಮ್ಮತಿ ಪತ್ರದ ಒಂದು ಪ್ರತಿಯನ್ನು ಕೇಳಿ ಪಡೆದು ಸ್ಕ್ಯಾನಿಂಗ್ ಫಿಲ್ಮ್‌ಗಳ ಕವರಿನಲ್ಲೇ ಇಡಿ.